ಬಚ್ಚಲ ಬಾಗಿಲಿನ ಗುಲಾಬಿ ಕಾಲೊರಸು

ಹವಾಲ್ದಾರ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಬಚ್ಚಲಲ್ಲಿದ್ದೆ. ಸರಿಯಾಗಿ ಹೇಳಬೇಕೆಂದರೆ ಬಚ್ಚಲ ಬಾಗಿಲಲ್ಲಿದ್ದೆ. ಬಲಗಾಲು ಕಾಲೊರಸಿನ ಮೇಲಿತ್ತು, ಎಡಗಾಲು ಇನ್ನೂ ಒದ್ದೆ ಕಲ್ಲಿನ ಮೇಲಿತ್ತು. ಅತ್ತೆಯವರು ಪಡಸಾಲೆಯಿಂದ ಕೂಗಿ ಹೇಳಿದರು. ಎಡಗಾಲನ್ನು ಎತ್ತಿಡಲು ನನಗೆ ಆಗಲಿಲ್ಲ. ಆ ಕಾಲೊರಸನ್ನು ಹೆಣೆದವರು ಕಾಕಾ. ಅದರೊಳಗೆ ಏನಿದೆಯೆಂದು ಈ ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತು ಎಂದು ನಾನು ತಿಳಿದಿದ್ದೆ. ಆ ಕ್ಷಣದಿಂದ ನಾನೊಬ್ಬಳೇ ಉಳಿದೆ.

ಇದನ್ನು ನಿಧಾನವಾಗಿ ಬರೆಯುತ್ತೇನೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಹೇಳುತ್ತೇನೆ. ಕಾಕಾನ ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರಿನವರು ನಮ್ಮ ಓಣಿಯಲ್ಲೇ ನಾಲ್ವರಿದ್ದರು. ಉಳಿದ ಮೂವರು ಮರ್ಯಾದಸ್ಥರು.

ಓಣಿ ಇದ್ದದ್ದು ವಿಜಾಪುರದಲ್ಲಿ, ಗೋಳಗುಮ್ಮಟದಿಂದ ಸ್ವಲ್ಪ ದೂರ. ನಮ್ಮ ಬಾಗಿಲಿಗೆ ಎದುರು ಅವರ ಬಾಗಿಲು. ಅವರು ಹುಟ್ಟಿದ್ದು ಬಬಲೇಶ್ವರದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಬಸರಾದ ಕಡೆಗೆ ಹೋಗಿ ಎಡಗಾಲಿನ ಮೂರು ಬೆರಳು ಅಲ್ಲೇ ಬಿಟ್ಟು ಬಂದವರು. ಗುಂಡು ತಾಗಿ ಹೋದವೆಂದು ನನಗೆ ಹೇಳಿದ್ದರು. ಒಂಟೆ ತುಳಿಯಿತೆಂದು ನನ್ನ ಗಂಡನಿಗೆ ಹೇಳಿದ್ದರು. ಬೂಟು ಬಿಗಿಯಾಗಿತ್ತೆಂದು ಅತ್ತೆಯವರಿಗೆ ಹೇಳಿದ್ದರು. ಇವುಗಳಲ್ಲಿ ಯಾವುದು ನಿಜವೋ ತಿಳಿಯದು. ಬೆರಳುಗಳು ಇರಲಿಲ್ಲವೆಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಅಲ್ಲಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಬ್ಬ ಬಿಳಿ ನರ್ಸಮ್ಮ ಅವರಿಗೆ ಹೆಣಿಗೆ ಕಲಿಸಿದಳಂತೆ. "ಉಳಿದಾವ್ರೆಲ್ಲಾ ಯುದ್ಧದಿಂದ ಬಿಲ್ಲಾ ತಂದ್ರು, ನಾ ಎರಡು ಕಡ್ಡಿ ತಂದೆ" ಎನ್ನುತ್ತಿದ್ದರು. ಆರಡಿ ಆಳು, ಕಿವಿಯವರೆಗೆ ಮೀಸೆ, ಗುಂಡಿಯಿಲ್ಲದ ಖಾಕಿ ಕೋಟು, ಬಾಯಲ್ಲಿ ಬೀಡಿ. ಹೀಗೆ ಕಟ್ಟೆಯ ಮೇಲೆ ಕುಳಿತು ಹೆಂಗಸರಂತೆ ತೊಡೆಯ ಮೇಲೆ ಉಂಡೆ ಇಟ್ಟುಕೊಂಡು ಹೆಣೆಯುತ್ತಿದ್ದರೆ ದಾರಿಹೋಕರು ಸುಮ್ಮನೆ ಹೋಗುವುದು ಹೇಗೆ?

"ಏನ್ರಿ ಹವಾಲ್ದಾರ್ರ, ಹೆಂಗಸರ ಕೆಲಸ ಹಿಡದ್ರಿ?"

"ಗಂಡಸರ ಕೆಲಸಾ ಮಾಡೇ ಮೂರು ಬೆರಳು ಹೋಗ್ಯಾವ್ರಿ. ಇನ್ನ ಏಳು ಉಳದಾವ. ನಿಮಗ ಬೇಕಾದ್ರ ಹೇಳ್ರಿ, ಗಂಡಸ್ತನಾ ತೋರಸಾಕ ಒಂದು ಕಡದು ಕೊಡ್ತೀನಿ."

ಅವರು ಹೆಣೆಯುತ್ತಿದ್ದದ್ದು ಹೆಚ್ಚಾಗಿ ಕಾಲೊರಸು. ನಮ್ಮ ಕಡೆ ಬಚ್ಚಲಿಗೆ ಕಲ್ಲು ಹಾಸಿರುತ್ತದೆ. ಹೊರಗೆ ಬಂದರೆ ನೆಲದ ತುಂಬ ದೂಳು. ಒದ್ದೆ ಕಾಲಿಗೆ ದೂಳು ಹತ್ತಿದರೆ ಸ್ನಾನ ಮಾಡಿದ್ದೇ ಸುಳ್ಳಾಗುತ್ತದೆ. ಎಲ್ಲರ ಮನೆಯಲ್ಲೂ ಬಚ್ಚಲ ಮುಂದೆ ಗೋಣಿತಟ್ಟು ಬಿದ್ದಿರುತ್ತಿತ್ತು, ಮೂರು ದಿನಕ್ಕೆ ನಾರುತ್ತಿತ್ತು. ಕಾಕಾ ಹಳೆಯ ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿ ಮಾಡಿಸಿ, ಉಂಡೆ ಸುತ್ತಿಸಿ, ಜಾಲಿಕಟ್ಟಿಗೆಯಲ್ಲಿ ತಾವೇ ಕೆತ್ತಿದ ಹೆಬ್ಬೆರಳ ದಪ್ಪದ ಎರಡು ಕಡ್ಡಿಗಳಿಂದ ಹೆಣೆಯುತ್ತಿದ್ದರು. ಆ ಕಾಲೊರಸು ನೀರನ್ನು ಹೀರಿ ಬಿಸಿಲಿಗೆ ಹಾಕಿದ ತಾಸಿನಲ್ಲಿ ಒಣಗುತ್ತಿತ್ತು. ಪಟ್ಟಿಗೆ ಪಟ್ಟಿ ಸೇರಿಸುವಾಗ ಗಂಟು ಹಾಕಗೊಡುತ್ತಿರಲಿಲ್ಲ. ಎರಡರ ತುದಿಗೂ ಸಣ್ಣ ಸೀಳು ಮಾಡಿ ಒಂದರೊಳಗೆ ಒಂದು ತೂರಿಸಿ ಎಳೆಯಬೇಕು. "ಗಂಟು ಕಾಲಿಗೆ ಚುಚ್ಚತೈತಿ. ಮನಷ್ಯಾಗ ಚುಚ್ಚಾಕ ನೆಂಟರು ಅದಾರ, ಕಾಲೊರಸು ಬ್ಯಾರೆ ಯಾಕ?" ಕುಣಿಕೆಗಳನ್ನು ಎಣಿಸುವಾಗ ಕವಾಯತಿನ ದನಿ ಬರುತ್ತಿತ್ತು. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ, ಸಾಲು ಬಿಟ್ಟ ಸಿಪಾಯಿಗೆ ಬೈದ ಹಾಗೆ ಅದಕ್ಕೆ ಹೆಸರು ಹಿಡಿದು ಬೈಯುತ್ತಿದ್ದರು. ಆ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಅವರದು ಎರಡು ಕಟ್ಟಳೆ. ಒಂದು, ಒಬ್ಬರ ಮನೆಯ ಬಟ್ಟೆಯನ್ನು ಇನ್ನೊಬ್ಬರ ಮನೆಯ ಕಾಲೊರಸಿಗೆ ಸೇರಿಸುವುದಿಲ್ಲ. ಇನ್ನೊಂದು, ಬಟ್ಟೆ ಹರಿಯುವ ಕೆಲಸ ಮನೆಯವರದೇ. "ನಿಮ್ಮ ಬಟ್ಟಿ ನೀವs ಹರದು ತರ್ರಿ. ನಾಳೆ ಹವಾಲ್ದಾರ ನಮ್ಮ ಹೊಸಾ ಸೀರಿ ಹರದಾ ಅಂತ ಬೊಬ್ಬಿ ಹಾಕಬಾರದು." ಪ್ರತಿಯಾಗಿ ಒಂದು ಭರಣಿ ಲಿಂಬಿಕಾಯಿ ಉಪ್ಪಿನಕಾಯಿ ತೆಗೆದುಕೊಳ್ಳುತ್ತಿದ್ದರು. ಪಟ್ಟಿಗಳನ್ನು ನೋಡಿಯೇ ಮನೆಯ ಹಣೆಬರಹ ಓದುತ್ತಿದ್ದರು. ಓಣಿಯ ತುದಿಯ ವಕೀಲರ ಮನೆಯಿಂದ ಬಂದ ಪಟ್ಟಿಗಳಲ್ಲಿ, ಕೋಟಿನ ಒಳ ಅಸ್ತರಿನ ಮೇಲೆ, ಹಿಟ್ಟಿನ ಚೀಲದ ಮುದ್ರೆ ಸಿಕ್ಕ ದಿನ, ವಕೀಲರು ಹಾದುಹೋಗುವಾಗ ಎದ್ದು ನಿಂತು ಸಲಾಮು ಹೊಡೆದು, "ಸಾಹೇಬ್ರ, ಹಿಟ್ಟು ಸಣ್ಣಂದಿತ್ತೋ ದಪ್ಪಂದಿತ್ತೋ?" ಎಂದು ಕೇಳಿದ್ದನ್ನು ನಾನೇ ಕಿಟಕಿಯಿಂದ ಕಂಡೆ.

ನನ್ನ ಮಾವನವರು ಅವರ ಗೆಳೆಯರು. ಗೆಳೆತನವೆಂದರೆ ಇಬ್ಬರೂ ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಜಗಳವಾಡುತ್ತಿದ್ದರು. ಮಾವನವರು ಬಿಗಿ ಮನುಷ್ಯ. ಬೀಡಿ, ಎಲೆ ಅಡಿಕೆ, ಚಹ ಯಾವುದನ್ನೂ ಮುಟ್ಟಿದವರಲ್ಲ. ಅವರೆದುರು ಅತ್ತೆಯವರು ಕುಳಿತದ್ದನ್ನು ನಾನು ನೋಡಲೇ ಇಲ್ಲ. ಒಡೆದ ಹಿಮ್ಮಡಿಯ ಕಾಲಿನಲ್ಲಿ ನಿಂತೇ ಇರುತ್ತಿದ್ದರು. ನಮ್ಮ ಮದುವೆಗೆ ಮಾವನವರು ಬಟ್ಟೆಯ ಒಂದೇ ತಾನಿನಿಂದ ಎರಡು ಗುಲಾಬಿ ರುಮಾಲು ಹರಿಸಿದರು. ತುದಿಗೆ ಒಂದೆಳೆ ಜರಿ. ಒಂದನ್ನು ತಾವು ಸುತ್ತಿಕೊಂಡರು, ಇನ್ನೊಂದನ್ನು ಕಾಕಾನ ತಲೆಗೆ ಸುತ್ತಿಸಿದರು. ಕಾಕಾ ಅದನ್ನು ರಂಜಾನಿಗೆ ಮತ್ತು ಉರುಸಿಗೆ ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಿದ್ದರು. ಮಾವನವರು ಅಷ್ಟೂ ಸುತ್ತಲಿಲ್ಲ. ವರ್ಷ ತುಂಬುವ ಮೊದಲೇ ತೀರಿಕೊಂಡರು.

ನಮ್ಮ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ತೀರಿದವರ ರುಮಾಲನ್ನು ಮಣೆಯ ಮೇಲಿಟ್ಟು, ಅವರಿಗೆ ಸೇರುತ್ತಿದ್ದ ತಿನಿಸನ್ನೆಲ್ಲ ಎಡೆ ಮಾಡಿ ಹಿಡಿಯುವ ಪದ್ಧತಿ. ಮಾವನವರು ಹೋದ ಮೊದಲ ಹಬ್ಬಕ್ಕೆ ನಾನು ಅಲ್ಲಿರಲಿಲ್ಲ. ಶಿಕ್ಷೆಯೆಂದು ತವರಿಗೆ, ತಿಕೋಟಾಕ್ಕೆ, ನನ್ನನ್ನು ಕಳಿಸಿದ್ದರು. ಬೆಕ್ಕು ಹಾಲು ಕುಡಿದಿತ್ತು; ಬೆಕ್ಕನ್ನು ಎಲ್ಲಿಗೂ ಕಳಿಸಲು ಬರುವಂತಿರಲಿಲ್ಲ. ಮೂರು ತಿಂಗಳ ಮೇಲೆ ಕರೆಸಿಕೊಂಡಾಗ ಅತ್ತೆಯವರು ಹೊಸ್ತಿಲಲ್ಲೇ ಹೇಳಿದರು: "ಎರಡು ವರ್ಷ ಆತು, ಕೂಸಿಲ್ಲ ಕುನ್ನಿಲ್ಲ. ಘೋಣಸಗ್ಯಾಗ ಒಂದು ಹುಡುಗಿ ನೋಡಿಟ್ಟೇನಿ. ಇನ್ನೊಂದು ತಪ್ಪು ಮಾಡು, ಆಕಿ ಒಳಗ ಬರ್ತಾಳ, ನೀ ಹೊರಗ ಹೋಗ್ತಿ." ನನ್ನ ಗಂಡ ಬಬಲೇಶ್ವರದಲ್ಲಿ ಸಾಲಿ ಮಾಸ್ತರು, ವಾರಕ್ಕೊಮ್ಮೆ ಬರುವವರು. ಅವರು ಆಗ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಮುಂದೆ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಎರಡನೆಯ ಯುದ್ಧದ ದಿನಗಳು. ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ಮದುವೆಗೆಂದು ರುಮಾಲು ಎರವಲು ಕೇಳುವವರ ಕಾಟ. ಅದಕ್ಕೆ ಅತ್ತೆಯವರು ಮಾವನವರ ರುಮಾಲನ್ನು ಯಾರ ಕಣ್ಣಿಗೂ ಬೀಳದಿರಲೆಂದು ಹಳೆಯ ಪಂಜೆಗಳ ಗಂಟಿನೊಳಗೆ ಸೇರಿಸಿ ಅಟ್ಟದ ಮೇಲಿಟ್ಟಿದ್ದರು. ಇದು ನನಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ, "ಅಟ್ಟದ ಮ್ಯಾಗಿನ ಹಳೀ ಬಟ್ಟಿ ಗಂಟು ಇಳಿಸಿ ಹರಿಬೇ, ಹವಾಲ್ದಾರಗ ಕೊಟ್ಟು ಬಚ್ಚಲಕ್ಕೊಂದು ಕಾಲೊರಸು ಮಾಡಸೋಣು" ಎಂದರು. ಅಟ್ಟದ ಮೇಲೆ ಎರಡು ಗಂಟಿದ್ದವು. ನಾನು ಮುಂದಿನದನ್ನು ಇಳಿಸಿದೆ.

ಬಿಚ್ಚಿದೆ. ಐದು ಪಂಜೆ ಇದ್ದವು. ನಡುವೆ ತೆಳ್ಳನೆಯ, ಮುಗಿಯದಷ್ಟು ಉದ್ದದ ಗುಲಾಬಿ ಬಟ್ಟೆಯಿತ್ತು. ಅದರ ಮಡಿಕೆಗಳ ನಡುವೆ ಇಲಿ ಮರಿ ಹಾಕಿ ಹೋಗಿತ್ತು. ಬಿಡಿಸಿದರೆ ಮೊಳಕ್ಕೊಂದು ತೂತು. ನಮ್ಮಲ್ಲಿ ಹೆಂಗಸರು ಗಂಡಸರ ರುಮಾಲು ಮುಟ್ಟುವುದಿಲ್ಲ. ಒಗೆಯುವವನು ಅಗಸ, ಸುತ್ತುವವರು ಅವರೇ. ತಲೆಯ ಮೇಲೆ ಸುತ್ತಿದ್ದನ್ನು ನಾನು ಕಂಡಿದ್ದೆ. ಬಿಚ್ಚಿ ನೆಲದ ಮೇಲೆ ಚೆಲ್ಲಿದರೆ ಅದು ಎಷ್ಟುದ್ದವಿರುತ್ತದೆಂದು ಕಂಡಿರಲಿಲ್ಲ. ಯಾರದೋ ಹಳೆಯ ಸೀರೆಯ ತುಂಡು ಎಂದುಕೊಂಡೆ. ಹರಿದೆ. ಚೆನ್ನಾಗಿ ಹರಿಯಿತು. ಆ ಸದ್ದು ನನಗೆ ಹಿತವಾಗಿತ್ತೆಂಬುದನ್ನೂ ಬರೆಯಬೇಕು.

ಉಂಡೆಗಳನ್ನು ಬುಟ್ಟಿಯಲ್ಲಿಟ್ಟು ಕಾಕಾನ ಮುಂದೆ ಒಯ್ದೆ. ಅವರು ಗುಲಾಬಿ ಉಂಡೆಯನ್ನು ಎತ್ತಿಕೊಂಡರು. ಎರಡು ಬೆರಳಲ್ಲಿ ಉಜ್ಜಿದರು. ಬಾಯಿಯ ಬೀಡಿ ಆರಿತು, ಹೊತ್ತಿಸಿಕೊಳ್ಳಲಿಲ್ಲ.

"ಇದನ್ನ ಹರಿ ಅಂತ ವೈನಿ ಹೇಳಿದ್ಲಾ?" ಅತ್ತೆಯವರನ್ನು ಅವರು ವೈನಿ ಎನ್ನುತ್ತಿದ್ದರು.

"ಹೌದ್ರಿ ಕಾಕಾ. ಗಂಟು ಹರಿ ಅಂದ್ರು."

"ಪೂರಾ ಹರದೀ?"

"ಪೂರಾ."

ಮತ್ತೊಮ್ಮೆ ಉಂಡೆಯನ್ನು ನೋಡಿದರು. ಆಮೇಲೆ ಮೀಸೆಯ ಕೆಳಗೆ ಏನೋ ಅಲುಗಿತು. ಅದು ನಗುವೆಂದು ನನಗೆ ಆಗ ತಿಳಿಯಲಿಲ್ಲ. "ಆತು ಬೇಟಿ. ಹರದದ್ದು ಹರದ ಹೋತು. ಕುಂದರು, ನಿನಗೂ ಕಲಸ್ತೀನಿ." ನಾಲ್ಕು ದಿನ ಅವರ ಕಟ್ಟೆಯ ಕೆಳಗೆ ಕುಳಿತು ಕಲಿತೆ. ಬಿಳಿ ಸಾಲು, ಗುಲಾಬಿ ಸಾಲು. ಕೊನೆಯ ಮೂಲೆಯನ್ನು ನಾನೇ ಹೆಣೆದೆ. ಜರಿಯ ಎಳೆ ಅಲ್ಲಿ ಸಿಕ್ಕಿಬಿದ್ದು ಬಿಸಿಲಿಗೆ ಮಿಂಚುತ್ತಿತ್ತು.

ಅತ್ತೆಯವರಿಗೆ ಬಹಳ ಸೇರಿತು. ಸ್ನಾನವಾದ ಮೇಲೆ ಅದರ ಮೇಲೆ ನಿಂತು ಎರಡೂ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದರು. "ಜಲ್ಮದಾಗ ಕಾಲಿಗೆ ಇಷ್ಟು ಸುಖಾ ಆಗಿದ್ದಿಲ್ಲ ನೋಡು" ಎಂದು ನನ್ನೆದುರಿಗೇ ಹೇಳಿದರು. ನನ್ನನ್ನು ಹೊಗಳಿದ್ದು ಅದೇ ಮೊದಲು.

ಕಾಕಾ ಮಾತ್ರ ಅಂದಿನಿಂದ ನಾನು ನೀರಿಗೆ ಹೊರಟಾಗಲೆಲ್ಲ ಕೇಳತೊಡಗಿದರು. "ಏನವಾ, ಮಾವಾರು ಆರಾಮ ಅದಾರ?"

"ಕಾಕಾ, ಮಾವಾರು ತೀರಿಕೊಂಡಾರಲ್ರಿ."

"ಹೌದಲ್ಲ! ಮರತೆ. ವೈನಿ ದಿನಾ ಭೆಟ್ಟಿ ಆಗ್ತಾಳೇನು?"

ಮುದುಕರಿಗೆ ಬುದ್ಧಿ ಸಡಿಲಾಗಿದೆ ಎಂದುಕೊಂಡೆ. ಬೇಟಿ ಎಂದು ಕರೆದವರೆಂಬ ಕರುಣೆಯಿಂದ ಅವರ ಭರಣಿಗೆ ಎರಡು ಹೋಳು ಉಪ್ಪಿನಕಾಯಿ ಹೆಚ್ಚಿಗೆ ಹಾಕುತ್ತಿದ್ದೆ.

ಹಿರಿಯರ ಹಬ್ಬ ಮೂರು ದಿನವಿದ್ದಾಗ ಅತ್ತೆಯವರು, "ಅಟ್ಟದ ಮ್ಯಾಲ ಪಂಜಿ ಗಂಟಿನ್ಯಾಗ ಇವರ ರುಮಾಲು ಐತಿ, ಗುಲಾಬಿದು. ಬಿಸಿಲಿಗೆ ಹಾಕು" ಎಂದು ಹೇಳಿ ಕಟ್ಟಿಗೆ ತರಿಸಲು ಹೊರಗೆ ಹೋದರು. ನಾನು ಅಟ್ಟ ಹತ್ತಿದೆ. ಉಳಿದಿದ್ದ ಗಂಟನ್ನು ಬಿಚ್ಚಿದೆ. ಅದರಲ್ಲಿ ಹರಕು ಸೀರೆ, ಹರಕು ಕುಪ್ಪಸ, ಹರಕು ಚಾದರ. ಪಂಜೆಯಿರಲಿಲ್ಲ. ಗುಲಾಬಿ ಏನೂ ಇರಲಿಲ್ಲ. ಅಟ್ಟದ ಮೇಲಿಂದ ಬಗ್ಗಿದರೆ ಬಚ್ಚಲ ಬಾಗಿಲು ಕಾಣುತ್ತದೆ. ಕಾಲೊರಸಿನ ಮೂಲೆ ಮಿಂಚುತ್ತಿತ್ತು.

ಏಣಿಯಲ್ಲಿ ಎಷ್ಟು ಮೆಟ್ಟಿಲೆಂದು ನನಗೆ ಗೊತ್ತು, ಎಂಟು. ಆ ದಿನ ಹೇಗೆ ಇಳಿದೆನೆಂದು ಗೊತ್ತಿಲ್ಲ. ಓಣಿ ದಾಟಿ ಕಾಕಾನ ಒಳಮನೆಗೇ ಹೋಗಿ ನಿಂತೆ. ಹಾಗೆ ಹಿಂದೆಂದೂ ಹೋದವಳಲ್ಲ.

"ಕಾಕಾ, ಆ ಗುಲಾಬಿ ಬಟ್ಟಿ…"

"ಗೊತ್ತಾತಾ?" ಎಂದರು. ಎಂದವರೇ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮಿ ಮತ್ತೆ ನಕ್ಕರು.

"ನಿಮಗ ಅವತ್ತs ಗೊತ್ತಿತ್ತಾ? ಯಾಕ ಹೇಳಲಿಲ್ರಿ?"

"ಹೇಳಿದ್ರ ಏನ್ ಮಾಡತಿದ್ದಿ? ಬಾವಿ ನೋಡತಿದ್ದಿ. ಮೊದಲ ಇಲಿ ತಿಂತು, ಆಮ್ಯಾಲ ನೀ ಹರದಿ, ಕಡೀಕ ನಾ ಹೆಣದೆ. ತಪ್ಪು ಮೂರೂ ಮಂದೀದು. ತವರಿಗೆ ಕಳಸೂದಾದ್ರ ಮೊದಲ ಇಲೀನ ಕಳಸಲಿ."

ನಾನು ಅಳತೊಡಗಿದೆ. ಘೋಣಸಗಿಯ ಹುಡುಗಿಯ ಮಾತು ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ, ನಗು ನಿಂತಿತು. ಕುಂಟುತ್ತ ಒಳಗೆ ಹೋಗಿ ತಗಡಿನ ಪೆಟ್ಟಿಗೆ ತೆರೆದರು. ತಮ್ಮ ರುಮಾಲನ್ನು ತಂದು ನನ್ನ ಸೆರಗಿನಲ್ಲಿ ಹಾಕಿದರು. ಅದೇ ಗುಲಾಬಿ, ಅದೇ ಜರಿ.

"ತಗೋ. ಒಂದs ತಾನು. ವೈನಿಗಷ್ಟ ಅಲ್ಲ, ಅಂವಗೂ ಗೊತ್ತಾಗೂದಿಲ್ಲ."

"ನಿಮಗ ರಂಜಾನಕ್ಕ ಬೇಕಲ್ರಿ?"

"ಅಲ್ಲಾಗ ನನ್ನ ತಲಿ ಗುರುತೈತಿ, ರುಮಾಲು ಬೇಕಾಗಿಲ್ಲ. ಆದ್ರ ಒಂದು ಮಾತು. ನಾ ಇನ್ನೂ ಜೀವಂತ ಅದೀನಿ. ಎಡಿ ಹಿಡಿಯೂ ಮುಂದ ಹೋಳಿಗಿ ಸಣ್ಣು ಮಾಡಬ್ಯಾಡ್ರಿ."

"ಕಾಲೊರಸು? ತಗದು ಬಿಡ್ಲಾ?"

"ತಗದ್ರ ಎಲ್ಲಿ ಹೋತಂತ ಕೇಳತಾಳ. ಇರಲಿ ಬಿಡು." ಸ್ವಲ್ಪ ಹೊತ್ತು ಬೀಡಿ ಎಳೆದರು. "ಜಲ್ಮಪೂರ್ತಿ ಆಕಿ ಅಂವನ ಮುಂದ ಕುಂದರಲಿಲ್ಲ. ಈಗ ಮ್ಯಾಲs ನಿಂದರ್ತಾಳ. ನನ್ನ ಗೆಳೆಯಾಗ ಬೇಕಾಗಿದ್ದs ಅದು."

ಹಬ್ಬದ ದಿನ ಅತ್ತೆಯವರು ರುಮಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನಾನು ಅವರ ಎಡಕ್ಕೆ, ಸುಮಾರು ಎರಡು ಮೊಳ ದೂರದಲ್ಲಿ ನಿಂತಿದ್ದೆ. ಗಂಡ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅತ್ತೆಯವರು ಅಂಚನ್ನು ಹೆಬ್ಬೆರಳಿನಿಂದ ಸವರಿದರು, ಮೂಗಿನ ಹತ್ತಿರ ಹಿಡಿದರು, ಅಲ್ಲೇ ನಿಂತುಬಿಟ್ಟರು.

"ಬೀಡಿ ವಾಸನಿ."

ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದಿದ್ದೆ.

"ಅಂದ್ರ ಇವರು ಸೇದತಿದ್ರು!" ಎಂದರು ಅತ್ತೆಯವರು. "ಮೂವತ್ತು ವರ್ಷ ನನ್ನ ಮುಂದ ಸನ್ಯಾಸಿ ಆಗಿದ್ರು. ಎದುರು ಮನೀ ಕಟ್ಟೀ ಮ್ಯಾಲ ಕುಂತು ಕದ್ದು ಸೇದ್ಯಾರ! ಸತ್ತ ಮ್ಯಾಲ ಸಿಕ್ಕಿಬಿದ್ರು ನೋಡು."

"ಅಪ್ಪಾ ಹಂಗಿರಲಿಲ್ಲ ಬಿಡವಾ" ಎಂದರು ನನ್ನ ಗಂಡ.

"ನೀ ಸುಮ್ಮನಿರು. ಹಿರಿಯಾರಿಗೆ ಸೇರಿದ್ದನ್ನ ಎಡ್ಯಾಗ ಇಡಬೇಕು. ಏ ಹುಡುಗೀ, ಹವಾಲ್ದಾರನ ಕಡೆ ಹೋಗಿ ಒಂದು ಬೀಡಿ ಇಸ್ಕೊಂಡು ಬಾ."

ನಾನು ಹೋಗಿ ಕೇಳಿದೆ. ಕಾಕಾ ಎಲ್ಲ ಕೇಳಿಸಿಕೊಂಡು ಕಟ್ಟೆಯ ಕಂಬ ಹಿಡಿದು ಕುಳಿತರು. "ಯಾ ಅಲ್ಲಾ! ಪಾಪ, ಬೀಡಿ ಹೊಗಿ ಬಂದ್ರ ಮಾರು ದೂರ ಸರೀತಿದ್ದಾಂವ!" ಎಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಗುವಿನದೋ ಬೇರೆಯದೋ ನಾನು ಹೇಳಲಾರೆ. ಕಟ್ಟಿನಿಂದ ಒಳ್ಳೆಯದೊಂದನ್ನು ಆರಿಸಿ ಕೊಟ್ಟರು. ಎಡೆ ಹಿಡಿದಾದ ಮೇಲೆ ಸಂಜೆ ಬಂದು, ನಮ್ಮ ಹೊಸ್ತಿಲ ಹೊರಗೆ ನಿಂತು, "ವೈನಿ, ಆ ಬೀಡಿ ಯಾರೂ ಸೇದಲಿಲ್ಲ ಅಂದ್ರ ಪ್ರಸಾದಾ ಕೆಡತೈತಿ" ಎಂದು ಕೇಳಿ ಅದನ್ನೇ ಇಸಿದುಕೊಂಡು ಹೋದರು.

ಘೋಣಸಗಿಯ ಹುಡುಗಿಯ ಮಾತು ಮತ್ತೆ ಏಳಲಿಲ್ಲ. ಆ ಹುಡುಗಿಯನ್ನು ಬಿಜ್ಜರಗಿಗೆ ಕೊಟ್ಟರೆಂದು ಕೇಳಿದೆ. ಗಂಡನ ಗುಟ್ಟು ಸಿಕ್ಕ ಮೇಲೆ ಅತ್ತೆಯವರಿಗೆ ನನ್ನ ಗುಟ್ಟು ಹುಡುಕುವ ಹಟ ಕಡಿಮೆಯಾಯಿತೋ ಏನೋ. ನಾನು ಮೊದಮೊದಲು ಕಾಲೊರಸನ್ನು ತುಳಿಯದೆ ದಾಟುತ್ತಿದ್ದೆ. ಒಮ್ಮೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮರುದಿನದಿಂದ ತುಳಿದೆ.

ರಂಜಾನಿಗೆ ಕಾಕಾ ಬರಿಯ ಟೊಪ್ಪಿಗೆಯಲ್ಲಿ ಹೋದರು. ಗುಲಾಬಿ ರುಮಾಲೆಲ್ಲಿ ಎಂದು ಓಣಿಯೆಲ್ಲ ಕೇಳಿತು. ವಕೀಲರಿಗೆ, ಎಮ್ಮೆ ತಿಂದಿತೆಂದರು. ಅಗಸನಿಗೆ, ನೀನೇ ಕಳೆದೆಯೆಂದರು. ಇನ್ನೊಬ್ಬರಿಗೆ, ಊರಿನ ಎತ್ತರದ ಉಪ್ಪಲಿ ಬುರುಜಿನ ಮೇಲಿಂದ ಗಾಳಿಗೆ ಹಾರಿ ಸೊಲ್ಲಾಪುರದ ಕಡೆಗೆ ಹೋಯಿತೆಂದರು. ನನ್ನ ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಪ್ರತಿವರ್ಷ ಹಿರಿಯರ ಹಬ್ಬಕ್ಕೆ ನಾನು ಬೀಡಿಗೆ ಹೋಗುತ್ತಿದ್ದೆ. ತಮ್ಮ ರುಮಾಲಿನ ಎಡೆಗೆ ತಾವೇ ಬೀಡಿ ಕೊಟ್ಟು, ಸಂಜೆ ತಾವೇ ವಾಪಸು ಪಡೆಯುತ್ತಿದ್ದರು. "ಹೋದ ವರ್ಷದಕಿಂತ ಹೋಳಿಗಿ ದೊಡ್ಡು ಆಗ್ಯಾವ ಅಂತ ಕೇಳಿದೆ. ಖರೆ ಏನು?" ಎನ್ನುತ್ತಿದ್ದರು.

ಐದಾರು ವರ್ಷ ಹೀಗೆ ನಡೆಯಿತು. ಸ್ವಾತಂತ್ರ್ಯ ಬಂದ ಎರಡನೆಯ ವರ್ಷದ ಬೇಸಿಗೆಯಲ್ಲಿ ಅವರು ಹೋದರು. ಮಣ್ಣಿಗೆ ಒಯ್ಯುವಾಗ ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿದರು. ಅಳಲಿಲ್ಲ. "ಕಾಲು ಸೊಟ್ಟ, ಬಾಯಿ ಅದಕಿಂತ ಸೊಟ್ಟ" ಎಂದಷ್ಟೇ ಹೇಳಿದರು.

ಆ ವರ್ಷದ ಹಬ್ಬದಲ್ಲಿ ಮಣೆಯ ಮೇಲೆ ರುಮಾಲಿಟ್ಟು ಎಡೆ ಹಾಕಿದೆ. ಬೀಡಿಯ ಜಾಗ ಖಾಲಿಯಿತ್ತು. ಅತ್ತೆಯವರು ಸೊಂಟದ ಸಂಚಿಗೆ ಕೈಹಾಕಿ ಇಡೀ ಒಂದು ಬೀಡಿಕಟ್ಟು ತೆಗೆದರು. ಯಾವಾಗ ತರಿಸಿದ್ದರೋ, ಯಾರ ಕೈಯಲ್ಲಿ ತರಿಸಿದ್ದರೋ ತಿಳಿಯದು.

"ಒಂದು ಸಾಲೂದಿಲ್ಲ ಈ ಸಲ. ಕಟ್ಟs ಇಡು" ಎಂದರು. "ಇಬ್ಬರಾದ್ರು."

ನಾನು ಅವರ ಮುಖ ನೋಡಿದೆ. ಅವರು ದೀಪ ನೋಡುತ್ತಿದ್ದರು. ಅವರಿಗೆ ಏನು ಗೊತ್ತು, ಎಂದಿನಿಂದ ಗೊತ್ತು ಎಂಬುದನ್ನು ನಾನು ಹೇಳಲಾರೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಮರುದಿನ ಬೆಳಿಗ್ಗೆ ಅತ್ತೆಯವರು ಸ್ನಾನ ಮುಗಿಸಿ ಹೊರಗೆ ಬಂದರು. ಕಾಲೊರಸಿನ ಮೇಲೆ ನಿಂತರು. ಸೀರೆಯನ್ನು ತುಸು ಎತ್ತಿ ಹಿಡಿದು, ಜರಿ ಮಿಂಚುವ ಮೂಲೆ ಎಲ್ಲಿದೆಯೆಂದು ಬಗ್ಗಿ ನೋಡಿ, ಬಲಗಾಲಿನ ಹಿಮ್ಮಡಿಯನ್ನು ಸರಿಯಾಗಿ ಅದರ ಮೇಲೆ ಇಟ್ಟು, ನಿಧಾನವಾಗಿ, ಮೂರು ಸಲ ತಿಕ್ಕಿಕೊಂಡರು.